ಹಿರಣ್ಯಕಶಿಪುವಿನ ಕರಾರುಪತ್ರ

ಮಾಯಾಮಂತ್ರದ ಸಿನಿಮಾ ಆಗಲಿ, ರೋಬೋಟು ರಾಕೆಟ್ಟಿನ ಸಿನಿಮಾ ಆಗಲಿ, ಬಿಡುಗಡೆಯಾದ ಮಾರನೇ ದಿನವೇ ಶಿವಮೊಗ್ಗದ ಗಾಂಧಿ ಬಜಾರ್‌ನಲ್ಲಿ ಅದರ ತೀರ್ಪು ಹೊರಬಿದ್ದಿರುತ್ತದೆ. ತೀರ್ಪು ಎರಡೇ ಬಗೆ. ಒಂದು, 'ಗ್ರಾಫಿಕ್ಸ್ ಪರವಾಗಿಲ್ಲ ಮಾರಾಯ'. ಇನ್ನೊಂದು, 'ಗ್ರಾಫಿಕ್ಸ್ ಡಬ್ಬ'. ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚುವ ಹುಡುಗನಿಂದ ಹಿಡಿದು ಗಲ್ಲಾದ ಮೇಲೆ ಕೂತ ಯಜಮಾನರವರೆಗೆ ಎಲ್ಲರೂ ಈಗ ಗ್ರಾಫಿಕ್ಸ್ ಪರೀಕ್ಷಕರೇ. ಹುಲಿ ನಿಜವಾದ ಹುಲಿಯ ಹಾಗೆ ಇತ್ತೋ ಇಲ್ಲವೋ, ಬೆಂಕಿ ಅಂಟಿಸಿದ ಹಾಗೆ ಕಂಡಿತೋ ಹೇಗೆ, ಬಜೆಟ್ ಎಷ್ಟು ಕೋಟಿ, ಹೈದರಾಬಾದಿನವರು ಮಾಡಿದ್ದೋ ಬೆಂಗಳೂರಿನವರೋ, ಇಷ್ಟು ಮುಗಿದರೆ ವಿಮರ್ಶೆ ಮುಗಿದಂತೆ.

ನನ್ನ ತಕರಾರು ಇರುವುದು ಇಲ್ಲಿಯೇ. ಇಂಥ ಸಿನಿಮಾಗಳು ಸೋಲುವುದು ಗ್ರಾಫಿಕ್ಸ್‌ನಿಂದಲ್ಲ, ಗೆಲ್ಲುವುದೂ ಅದರಿಂದಲ್ಲ. ಇದೇ ಬೀದಿಯ ಜನ ಎಂಥೆಂಥದನ್ನು ನಂಬುತ್ತಾರೆ ಎಂದು ಸ್ವಲ್ಪ ನೋಡಿ. ಕೋಟೆ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಮೊದಲ ದಿನ ಅಮ್ಮ ಗಾಂಧಿ ಬಜಾರ್‌ನಲ್ಲಿ ಕೂರುತ್ತಾಳೆ, ಏಕೆಂದರೆ ಅದು ಅವಳ ತವರುಮನೆ. ಆಮೇಲೆ ಮೆರವಣಿಗೆಯಲ್ಲಿ ಕೋಟೆಗೆ ಹೋಗುತ್ತಾಳೆ, ಅದು ಗಂಡನ ಮನೆ. ತವರಿನಲ್ಲಿ ಮಡಿಲಕ್ಕಿ ತುಂಬುವ ಸಾಲು ನಿಂತಿರುವಾಗ ಬೆಳಗಿನಿಂದ ನಿಂತ ಕಾಲು ನೋಯುತ್ತದೆಯೇ ಹೊರತು ದೇವಿಗೆ ತವರು ಎಲ್ಲಿಂದ ಬಂತು ಎಂಬ ಪ್ರಶ್ನೆ ಯಾರಿಗೂ ಬರುವುದಿಲ್ಲ. ಮಗಳೆಂದ ಮೇಲೆ ತವರಿದೆ, ತವರಿಗೆ ಬಂದವಳು ಅಲ್ಲೇ ಉಳಿಯುವಂತಿಲ್ಲ. ಕಟ್ಟಳೆ ಇಷ್ಟು ಸ್ಪಷ್ಟವಾಗಿದ್ದರೆ ಉಳಿದದ್ದನ್ನೆಲ್ಲ ನಾವು ನಂಬಬಲ್ಲೆವು. ಸಿನಿಮಾದ ಮಾಯಾಲೋಕಕ್ಕೂ ಬೇಕಿರುವುದು ಅಂಥ ಕಟ್ಟಳೆ. ಏನು ಬೇಕಾದರೂ ಆಗಬಹುದಾದ ಲೋಕದಲ್ಲಿ ಏನಾದರೂ ನಮಗೇನು?

ಈ ಮಾತಿಗೆ ಸಾಕ್ಷಿಯಾಗಿ ನಾನು ಮೊದಲು ಕರೆಯುವುದು ಹಿರಣ್ಯಕಶಿಪುವನ್ನು. 1983ರ 'ಭಕ್ತ ಪ್ರಹ್ಲಾದ'ದಲ್ಲಿ ರಾಜಕುಮಾರ್ ಹಿರಣ್ಯಕಶಿಪು, ಪುನೀತ್ ಪ್ರಹ್ಲಾದ, ಅನಂತನಾಗ್ ನಾರದ. ಭಕ್ತಿಚಿತ್ರವೆಂದು ಅದನ್ನು ಬೇರೆ ಕಪಾಟಿನಲ್ಲಿ ಇಟ್ಟುಬಿಡುತ್ತೇವೆ. ನನಗಂತೂ ಅದರ ಕತೆ ಒಂದು ಕಾನೂನು ದಾಖಲೆಯ ಸುತ್ತ ಹೆಣೆದ ಥ್ರಿಲ್ಲರ್. ಬ್ರಹ್ಮನ ಮುಂದೆ ನಿಂತ ರಾಕ್ಷಸ ಸಾವೇ ಬೇಡ ಎಂದು ಕೇಳುತ್ತಾನೆ, ಅದು ಸಿಗುವುದಿಲ್ಲ. ಸರಿ, ಹಾಗಾದರೆ ಕರಾರು ಬರೆಯೋಣ ಎಂದು ಕೂರುತ್ತಾನೆ. ಮನುಷ್ಯನಿಂದಲೂ ಮೃಗದಿಂದಲೂ ಸಾಯಬಾರದು, ಹಗಲೂ ಅಲ್ಲ ರಾತ್ರಿಯೂ ಅಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ, ನೆಲದ ಮೇಲೂ ಅಲ್ಲ ಆಕಾಶದಲ್ಲೂ ಅಲ್ಲ, ಆಯುಧವಂತೂ ಬೇಡವೇ ಬೇಡ. ನಮ್ಮ ತಾಲ್ಲೂಕು ಕಚೇರಿಯ ಮುಂದೆ ಕೂರುವ ಪತ್ರಬರಹಗಾರರೂ ಇಷ್ಟು ಬಿಗಿಯಾಗಿ ಕ್ರಯಪತ್ರ ಬರೆಯಲಾರರು. ಆ ಕ್ಷಣದಿಂದ ಕತೆಗೆ ಇರುವ ಕೆಲಸ ಒಂದೇ, ಈ ಕಾಗದದಲ್ಲಿ ಸಂದು ಹುಡುಕುವುದು. ಕೊನೆಗೆ ಮುಸ್ಸಂಜೆ, ಹೊಸ್ತಿಲು, ತೊಡೆ, ಉಗುರು ಬರುತ್ತವೆ. ಅರ್ಧ ಸಿಂಹ ಅರ್ಧ ನರ ಆದ ದೇವರು ಬರುತ್ತಾನೆ. ದೇವರು ಸರ್ವಶಕ್ತನಾಗಿದ್ದರೂ ಕರಾರಿನ ಒಂದು ಸಾಲನ್ನೂ ಮುರಿಯುವುದಿಲ್ಲ. ಹಾಗೆ ಮುರಿಯದೇ ಇರುವುದರಿಂದಲೇ ಕಂಬ ಸೀಳುವ ದೃಶ್ಯದಲ್ಲಿ ಮೈ ನವಿರೇಳುವುದು.

2025ರಲ್ಲಿ ಇದೇ ಕತೆ 'ಮಹಾವತಾರ್ ನರಸಿಂಹ' ಎಂಬ ಅನಿಮೇಷನ್ ಚಿತ್ರವಾಗಿ ಬಂತು. ಅಶ್ವಿನ್ ಕುಮಾರ್ ನಿರ್ದೇಶನ, ಅರ್ಪಿಸಿದ್ದು ನಮ್ಮ ಹೊಂಬಾಳೆಯವರು. ಸ್ಟಾರ್ ಇಲ್ಲ, ಹಾಡಿಗೆ ಕುಣಿಯುವವರಿಲ್ಲ, ಬೊಂಬೆಯ ಹಾಗೆ ಕಾಣುವ ಮುಖಗಳು. ಆದರೂ ಮಕ್ಕಳು ಅಜ್ಜಿಯರು ಒಟ್ಟಿಗೆ ಕೂತು ನೋಡಿದರು. ಕೊನೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದ ಕೊನೆಯನ್ನೇ ಕಾಯುವಂತೆ ಮಾಡುವ ಶಕ್ತಿ ಆ ಹಳೆಯ ಕರಾರಿನದು ಎಂದು ನನ್ನ ಅಂದಾಜು.

ಇಂಗ್ಲಿಷ್ ಸಿನಿಮಾ ನೋಡುವ ಕಾಲೇಜು ಹುಡುಗರು ಇದನ್ನು ಓದಿ, ವಿಜ್ಞಾನ ಕತೆಗೂ ಪುರಾಣಕ್ಕೂ ಏನು ಸಂಬಂಧ ಸಾರ್ ಎನ್ನಬಹುದು. ಐಸಾಕ್ ಅಸಿಮೋವ್ 1942ರಲ್ಲಿ ರೋಬೋಟುಗಳಿಗೆ ಮೂರು ನಿಯಮ ಬರೆದ. ರೋಬೋಟು ಮನುಷ್ಯನಿಗೆ ಹಾನಿ ಮಾಡಕೂಡದು, ಹೇಳಿದ ಮಾತು ಕೇಳಬೇಕು, ತನ್ನನ್ನು ತಾನು ಕಾಪಾಡಿಕೊಳ್ಳಬೇಕು; ಒಂದು ನಿಯಮಕ್ಕೆ ಇನ್ನೊಂದು ಅಡ್ಡ ಬಂದರೆ ಮೇಲಿನದೇ ಮೇಲು. ಆಮೇಲೆ ಆ ಮೂರು ಸಾಲುಗಳ ನಡುವೆ ಎಲ್ಲೆಲ್ಲಿ ಸಂದಿದೆ ಎಂದು ಹುಡುಕುತ್ತ ಜೀವನವಿಡೀ ಕತೆ ಬರೆದ. ಹಿರಣ್ಯಕಶಿಪು ಮಾಡಿದ್ದೂ ಅದನ್ನೇ, ಆತ ಮಾತ್ರ ಸ್ವಂತ ಜೀವದ ಮೇಲೆ ಪ್ರಯೋಗ ಮಾಡಿದ.

ಇನ್ನೂ ಒಂದು ಜೋಡಿ ಇದೆ. 2014ರ 'ಇಂಟರ್‌ಸ್ಟೆಲ್ಲರ್'ನಲ್ಲಿ ಕಪ್ಪುಕುಳಿಯ ಪಕ್ಕದ ಗ್ರಹದಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ. ಭಾಗವತದ ಕಕುದ್ಮಿ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಸಂಗೀತ ನಡೆಯುತ್ತಿದೆ, ಮುಗಿಯಲಿ ಎಂದು ಒಂದು ಗಳಿಗೆ ಕಾಯುತ್ತಾನೆ. ಅಷ್ಟರಲ್ಲಿ ಕೆಳಗೆ ಇಪ್ಪತ್ತೇಳು ಚತುರ್ಯುಗ ಕಳೆದಿರುತ್ತದೆ. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರಗಳಿರಲಿ, ಅವರ ಮೊಮ್ಮಕ್ಕಳ ಹೆಸರೂ ಉಳಿದಿಲ್ಲ. ನಮ್ಮವರಿಗೆ ಐನ್‌ಸ್ಟೈನ್ ಮೊದಲೇ ಗೊತ್ತಿದ್ದ ಎಂದು ವಾಟ್ಸಾಪಿನಲ್ಲಿ ಹಂಚಲು ಇದನ್ನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಹಂಚಬೇಡಿ. ಅದು ವಿಜ್ಞಾನವಲ್ಲ, ಕತೆ. ಆದರೆ ಕತೆಗಾರ ಲೆಕ್ಕ ತಪ್ಪಿಸಿಲ್ಲ. ಕಾದದ್ದಕ್ಕೆ ಬೆಲೆ ತೆರಬೇಕಾಯಿತು, ಅಪ್ಪನೂ ಮಗಳೂ ತೆತ್ತರು.

ಗ್ರಾಫಿಕ್ಸ್ ಇಲ್ಲದ ಕಾಲದ ಚಮತ್ಕಾರದ ಬಗ್ಗೆಯೂ ಒಂದಿಷ್ಟು ಹೇಳಬೇಕು. 1977ರ 'ಬಭ್ರುವಾಹನ'ದಲ್ಲಿ ಅರ್ಜುನನೂ ರಾಜಕುಮಾರ್, ಮಗ ಬಭ್ರುವಾಹನನೂ ರಾಜಕುಮಾರ್. ಹುಣಸೂರು ಕೃಷ್ಣಮೂರ್ತಿ ನಿರ್ದೇಶಕರು. ಆಗೆಲ್ಲ ದ್ವಿಪಾತ್ರವನ್ನು ಒಂದೇ ಚೌಕಟ್ಟಿನಲ್ಲಿ ತರುವುದೆಂದರೆ ಕ್ಯಾಮೆರಾದ ಮುಂದೆ ಅರ್ಧ ಭಾಗಕ್ಕೆ ಕಪ್ಪು ಮುಸುಕು ಹಾಕಿ ಒಂದು ಪಾತ್ರವನ್ನು ತೆಗೆಯಬೇಕು, ರೀಲನ್ನು ಹಿಂದಕ್ಕೆ ಸುತ್ತಬೇಕು, ಮುಸುಕನ್ನು ಇನ್ನೊಂದು ಕಡೆಗೆ ಬದಲಿಸಬೇಕು, ನಟ ವೇಷ ಬದಲಿಸಿ ಬಂದು ಗಾಳಿಯಲ್ಲಿ ಯಾರನ್ನೋ ನೋಡುತ್ತ ಮಾತಾಡಬೇಕು. ಕ್ಯಾಮೆರಾ ಒಂದು ನೂಲಿನಷ್ಟು ಅಲುಗಿದರೂ ನಡುವೆ ಗೆರೆ ಕಾಣುತ್ತದೆ. ಅಪ್ಪ ಮಗನ ಮಾತಿನ ಯುದ್ಧ ನೋಡುವಾಗ ಆ ಗೆರೆಯನ್ನು ಹುಡುಕಿದವರು ಯಾರಾದರೂ ಇದ್ದಾರೆಯೇ? ಎಲ್ಲರೂ ನೋಡುತ್ತಿದ್ದುದು ಯಾರ ಮಾತು ಗೆದ್ದಿತು ಎಂದು. ಅದರ ಹಿಂದೆಯೂ ಕಟ್ಟಳೆಯೇ ಇದೆ: ಭೀಷ್ಮನನ್ನು ಕೊಂದ ಅರ್ಜುನನ ಮೇಲೆ ಶಾಪವಿದೆ, ಅವನು ಮಗನ ಕೈಯಲ್ಲೇ ಬೀಳಬೇಕು, ಎಬ್ಬಿಸಲು ನಾಗಲೋಕದ ಮಣಿಯೇ ಬೇಕು. ಪಕ್ಕದ ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶ ಜೈಮಿನಿ ಭಾರತದಲ್ಲಿ ಈ ಲೆಕ್ಕವನ್ನೆಲ್ಲ ಮೊದಲೇ ಬರೆದಿಟ್ಟಿದ್ದ. ಹಳ್ಳಿಯ ಕಟ್ಟೆಗಳಲ್ಲಿ ಅದನ್ನು ಓದಿ ಅರ್ಥ ಹೇಳಿಸಿಕೊಂಡ ಜನ ಟಾಕೀಸಿಗೆ ಬಂದಾಗ ನಿರ್ದೇಶಕ ಅಡ್ಡದಾರಿ ಹಿಡಿಯುವಂತಿರಲಿಲ್ಲ.

ಮಾಯಾಜಾಲದ ಸಿನಿಮಾ ನಮ್ಮಲ್ಲಿ ಏಕೆ ತೆಳ್ಳಗಾಯಿತು ಎಂಬುದಕ್ಕೆ ಒಂದು ಉತ್ತರ ಉಡುಪಿ ಪಕ್ಕದ ಉದ್ಯಾವರದಲ್ಲಿದೆ. ಬಿ. ವಿಠಲಾಚಾರ್ಯ ಆ ಊರಿನವರು. ಅರಸೀಕೆರೆಯಲ್ಲಿ ಟೂರಿಂಗ್ ಟಾಕೀಸ್ ನಡೆಸಿದರು, ಶಂಕರ್‌ಸಿಂಗ್ ಜತೆ ಮೈಸೂರಿನಲ್ಲಿ ಮಹಾತ್ಮ ಪಿಕ್ಚರ್ಸ್ ಕಟ್ಟಿದರು. ಆ ಸಂಸ್ಥೆಯ 1951ರ 'ಜಗನ್ಮೋಹಿನಿ' ನೂರು ದಿನ ಓಡಿದ ಮೊದಲ ಕನ್ನಡ ಚಿತ್ರವೆಂದು ಹೆಸರಾಯಿತು. ಅಂದರೆ ನಮ್ಮ ಮೊದಲ ಶತದಿನೋತ್ಸವವೇ ಮಾಯಾಮೋಹಿನಿಯದು. ಆಮೇಲೆ ವಿಠಲಾಚಾರ್ಯರು ಮದರಾಸಿಗೆ ಹೋಗಿ ತೆಲುಗಿನಲ್ಲಿ ನೆಲೆನಿಂತರು, ಅಲ್ಲಿಯ ಜನ ಅವರನ್ನು ಜಾನಪದ ಬ್ರಹ್ಮ ಎಂದು ಕರೆದರು. ದೆವ್ವ, ಹಾರುವ ಕತ್ತಿ, ಮಾತಾಡುವ ಹಕ್ಕಿ, ಎಲ್ಲವೂ ಕಡಿಮೆ ಖರ್ಚಿನಲ್ಲಿ. ಕಾಲ್‌ಶೀಟ್ ವಿಷಯದಲ್ಲಿ ನಟ ಸತಾಯಿಸಿದರೆ ಋಷಿಯಿಂದ ಶಾಪ ಕೊಡಿಸಿ ಅವನನ್ನು ಗಿಳಿಯನ್ನೋ ಮೇಕೆಯನ್ನೋ ಮಾಡಿ, ಉಳಿದ ಚಿತ್ರವನ್ನು ಆ ಪ್ರಾಣಿಯ ಮೇಲೆಯೇ ಮುಗಿಸುತ್ತಿದ್ದರು ಎಂಬ ಕತೆಯನ್ನು ಸಿನಿಮಾ ಮಂದಿ ಇಂದಿಗೂ ಹೇಳಿ ನಗುತ್ತಾರೆ. ನಗುವಾಗ ಒಂದನ್ನು ಗಮನಿಸುವುದಿಲ್ಲ: ಶಾಪ ಕೊಟ್ಟರೆ ವಿಮೋಚನೆಯ ದಾರಿಯನ್ನೂ ಹೇಳಲೇಬೇಕು ಎಂಬ ಕಟ್ಟಳೆ ಅಲ್ಲೂ ಇದ್ದೇ ಇತ್ತು.

ನಮ್ಮ ಮಾಯಾಜಾಲ ಪಕ್ಕದ ಭಾಷೆಗೆ ಹೋದ ಈ ಕತೆ ಭದ್ರಾವತಿಯವರಿಗೆ ಇನ್ನೂ ಚೆನ್ನಾಗಿ ಗೊತ್ತು. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಎಂದು ತಮಿಳು ತೆಲುಗಿನ ಮಂದಿ ಬಂದು ನೆಲೆಸಿದ ಊರು ಅದು. ನಾಡಿನ ಉಳಿದ ಊರುಗಳಲ್ಲಿ ಜನ ಡಬ್ಬಿಂಗ್ ಬೇಕೋ ಬೇಡವೋ ಎಂದು ಜಗಳವಾಡುತ್ತಿದ್ದಾಗ ಭದ್ರಾವತಿಯಲ್ಲಿ ಮೂರು ಭಾಷೆಯ ಜನ ಒಂದೇ ಬೆಂಚಿನಲ್ಲಿ ಕೂತು ಘಟೋತ್ಕಚನನ್ನು ನೋಡಿದ್ದರು. ಸಿಂಗೀತಂ ಶ್ರೀನಿವಾಸರಾಯರ ವಿಷಯವೂ ಇಂಥದೇ. 'ಹಾಲು ಜೇನು', 'ಚಲಿಸುವ ಮೋಡಗಳು', ಪುನರ್ಜನ್ಮದ ಎಳೆಯಿದ್ದ 'ಶ್ರಾವಣ ಬಂತು' ಎಂದು ರಾಜಕುಮಾರ್ ಜತೆ ಸಾಲು ಸಾಲಾಗಿ ಚಿತ್ರ ಕೊಟ್ಟವರು ಅವರು. ಅವರೇ 1991ರಲ್ಲಿ ಕಾಲಯಂತ್ರ ಏರಿಸಿ ನಾಯಕನನ್ನು ಕೃಷ್ಣದೇವರಾಯನ ಆಸ್ಥಾನಕ್ಕೆ ಕಳಿಸಿದರು. ವಿಜಯನಗರ ನಮ್ಮದು, ನಿರ್ದೇಶಕರು ಹತ್ತು ವರ್ಷದಿಂದ ನಮ್ಮಲ್ಲೇ ಓಡಾಡಿಕೊಂಡಿದ್ದವರು. 'ಆದಿತ್ಯ 369' ಮಾತ್ರ ತೆಲುಗಿನದು. ನಮ್ಮ ನಿರ್ಮಾಪಕರಿಗೆ ಹಂಪಿ ಎಂದರೆ ಡ್ಯೂಯೆಟ್ ಹಾಡಿನ ಜಾಗವಾಗಿತ್ತು.

ಹಾಗೆಂದು ಕನ್ನಡದವರು ಕೈಕಟ್ಟಿ ಕೂತಿರಲಿಲ್ಲ. ರಜನಿಯ 'ಎಂದಿರನ್' ಬಂದದ್ದು 2010ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲು, 2002ರಲ್ಲಿ, ಉಪೇಂದ್ರ ಕತೆ ಬರೆದು ದಿನೇಶ್ ಬಾಬು ನಿರ್ದೇಶಿಸಿದ 'ಹಾಲಿವುಡ್' ಬಂದಿತ್ತು. ಮೂರು ಪಾತ್ರದಲ್ಲಿ ಉಪೇಂದ್ರ, ಅದರಲ್ಲೊಂದು ಪ್ರೀತಿಯಲ್ಲಿ ಬೀಳುವ ರೋಬೋಟು. ಮೊದಲು ಮಾಡಿದವರು ನಾವು ಎಂಬ ಹೆಮ್ಮೆ ಸರಿ. ಆದರೆ ಆ ರೋಬೋಟು ಏನು ಮಾಡಬಲ್ಲದು, ಏನು ಮಾಡಲಾರದು ಎಂದು ಚಿತ್ರ ಮುಗಿದ ಮೇಲೂ ನನಗೆ ಹೇಳಲು ಬರಲಿಲ್ಲ. ದೃಶ್ಯಕ್ಕೆ ಬೇಕಾದಾಗ ಯಂತ್ರ, ಹಾಡಿಗೆ ಬೇಕಾದಾಗ ಮನುಷ್ಯ. 2010ರ 'ಸೂಪರ್'ನಲ್ಲಿ ಉಪೇಂದ್ರ 2030ರ ಭಾರತ ತೋರಿಸಿದರು. ವಿದೇಶೀಯರು ಕೆಲಸ ಹುಡುಕಿಕೊಂಡು ನಮ್ಮಲ್ಲಿಗೆ ಬರುವ ಸಿರಿವಂತ ಭಾರತ. (2030 ಬಾಗಿಲಿಗೆ ಬಂದಿದೆ, ಗಾಂಧಿ ಬಜಾರ್‌ನಲ್ಲಿ ಸ್ಕೂಟರ್ ನಿಲ್ಲಿಸಲು ಈಗಲೂ ಜಾಗವಿಲ್ಲ.) 2024ರ ಡಿಸೆಂಬರ್‌ನಲ್ಲಿ ಬಂದ 'ಯುಐ' ಇದರ ತಿರುವುಮುರುವು, ಎಲ್ಲವೂ ಕೆಟ್ಟುಹೋದ ಲೋಕ. ಬುದ್ಧಿವಂತರಾದರೆ ಎದ್ದು ಹೋಗಿ ಎಂಬರ್ಥದ ಎಚ್ಚರಿಕೆಯಿಂದಲೇ ಚಿತ್ರ ಶುರುವಾಗುತ್ತದೆ. ನಾನು ಎದ್ದು ಹೋಗಲಿಲ್ಲ, ಟಿಕೆಟ್ಟಿಗೆ ದುಡ್ಡು ಕೊಟ್ಟಿದ್ದೆ. ಕಲ್ಪನೆಯ ಧೈರ್ಯಕ್ಕೆ ಉಪೇಂದ್ರರಿಗೆ ಸಾಟಿಯಿಲ್ಲ ಎಂದು ಈಗಲೂ ಹೇಳುತ್ತೇನೆ. ಆದರೆ ಅವರ ಭವಿಷ್ಯ ಒಂದು ಊರಲ್ಲ, ಭಾಷಣದ ವೇದಿಕೆ. ಅಲ್ಲಿ ಬೀದಿ ಇದೆ, ಆ ಬೀದಿಯಲ್ಲಿ ಅಕ್ಕಿಯ ದರ ಎಷ್ಟು, ನೀರು ಎಲ್ಲಿಂದ ಬರುತ್ತದೆ ಎಂಬುದಿಲ್ಲ. ಎಲ್ಲ ವಸ್ತುವೂ ಏನನ್ನೋ ಸಂಕೇತಿಸಲು ನಿಂತಿರುವಾಗ ನೋಡುಗನಿಗೆ ಅಲ್ಲಿ ವಾಸಿಸಲು ಜಾಗ ಸಿಗುವುದಿಲ್ಲ.

ಗ್ರಾಫಿಕ್ಸನ್ನೇ ಕತೆಯೆಂದು ನಂಬಿ ಹೊರಟರೆ ಏನಾಗುತ್ತದೆ ಎಂಬುದಕ್ಕೆ 2016ರ 'ನಾಗರಹಾವು' ಸಾಕು. 2009ರ ಕೊನೆಯಲ್ಲಿ ತೀರಿಕೊಂಡ ವಿಷ್ಣುವರ್ಧನರ ಮುಖವನ್ನು ಕೋಡಿ ರಾಮಕೃಷ್ಣ ಕಂಪ್ಯೂಟರಿನಲ್ಲಿ ಮರಳಿ ತಂದರು. ಮುಖ ಬಂತು. ಅದರಾಚೆಗೆ ಆ ಸಿನಿಮಾದಲ್ಲಿ ನೆನಪಿಡಬೇಕಾದದ್ದನ್ನು ಅಭಿಮಾನಿಗಳೇ ಹೇಳಬೇಕು. 2022ರ 'ವಿಕ್ರಾಂತ್ ರೋಣ' ಇನ್ನೊಂದು ಬಗೆ. ಕಾಡು, ಮಳೆ, ಕತ್ತಲು ಎಲ್ಲವೂ 3ಡಿಯಲ್ಲಿ ಕಣ್ಣಿಗೆ ಹಬ್ಬ. ಭೂತವಿದೆ ಎಂದು ಎರಡು ಗಂಟೆ ಹೆದರಿಸಿ, ಕೊನೆಗೆ ಎಲ್ಲ ಮನುಷ್ಯರದೇ ಕೈವಾಡ ಎಂದುಬಿಟ್ಟರೆ ನಮಗೆ ಭೂತವೂ ಸಿಗಲಿಲ್ಲ, ಕೊಲೆಗಾರನನ್ನು ನಾವೇ ಹುಡುಕುವ ಸುಖವೂ ಸಿಗಲಿಲ್ಲ.

ಅದೇ ವರ್ಷ ಬಂದ 'ಕಾಂತಾರ' ಗೆದ್ದದ್ದು ಹೇಗೆ ಎಂದು ಸಾವಿರ ಲೇಖನ ಬಂದವು. ಮಣ್ಣಿನ ವಾಸನೆ, ಕರಾವಳಿಯ ಸೊಗಡು, ರಿಷಬ್ ಶೆಟ್ಟರ ಕೊನೆಯ ಇಪ್ಪತ್ತು ನಿಮಿಷ, ಎಲ್ಲವೂ ನಿಜ. ನಾನು ಬೊಟ್ಟು ಮಾಡುವುದು ಮೊದಲ ಹತ್ತು ನಿಮಿಷಕ್ಕೆ. 1847ರಲ್ಲಿ ಒಬ್ಬ ರಾಜ, ಒಂದು ಕಲ್ಲು, ಒಂದು ಕೂಗು. ಕೂಗು ಕೇಳುವಷ್ಟು ದೂರದ ಕಾಡು ಜನರಿಗೆ, ಕಲ್ಲು ರಾಜನಿಗೆ, ನೆಮ್ಮದಿಯೂ ಅವನಿಗೆ. ಮಾತು ತಪ್ಪಿದರೆ ದೈವ ಕ್ಷಮಿಸಿದರೂ ಜತೆಗಿರುವ ಗುಳಿಗ ಕ್ಷಮಿಸುವುದಿಲ್ಲ. ಮತ್ತೆ ಕರಾರುಪತ್ರ! ಅದೇ ರಾಜನ ವಂಶಸ್ಥ ಭೂಮಿ ವಾಪಸ್ ಬೇಕೆಂದು ಕೋರ್ಟಿಗೆ ಹೋಗುತ್ತಾನೆ, ಕೋರ್ಟಿನ ಮೆಟ್ಟಿಲ ಮೇಲೆಯೇ ರಕ್ತ ಕಾರಿ ಸಾಯುತ್ತಾನೆ. ಒಂದು ನ್ಯಾಯಾಲಯದ ಬಾಗಿಲಲ್ಲಿ ಇನ್ನೊಂದು ನ್ಯಾಯಾಲಯದ ತೀರ್ಪು ಜಾರಿಯಾಗುವ ಆ ದೃಶ್ಯದಲ್ಲಿ ದುಬಾರಿ ಗ್ರಾಫಿಕ್ಸ್ ಏನೂ ಇಲ್ಲ. ಟಾಕೀಸಿನಲ್ಲಿ ಮಾತ್ರ ಪಿನ್ ಬಿದ್ದರೂ ಕೇಳುತ್ತಿತ್ತು.

ವಿಜ್ಞಾನದ ಕಡೆ ಇಷ್ಟೇ ಗಟ್ಟಿಯಾಗಿ ನಿಲ್ಲುವುದು ಪವನ್ ಕುಮಾರ್ ಅವರ 'ಲೂಸಿಯಾ', 2013. ನೂರಕ್ಕೂ ಹೆಚ್ಚು ಮಂದಿ ಕೈಯಿಂದ ಹಾಕಿದ ಸುಮಾರು 50 ಲಕ್ಷ ರೂಪಾಯಿಯಲ್ಲಿ ಆದ ಸಿನಿಮಾ. ಪಾಳುಬಿದ್ದ ಟಾಕೀಸಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ನಿಕ್ಕಿಗೆ ನಿದ್ದೆ ಬರುವುದಿಲ್ಲ. ಒಂದು ಮಾತ್ರೆ ಸಿಗುತ್ತದೆ, ನುಂಗಿದರೆ ಬೇಕಾದ ಬದುಕು ಕನಸಿನಲ್ಲಿ. ಕರಾರು ಏನು? ನಿಲ್ಲಿಸಿದರೆ ಅದೇ ಕನಸು ದುಃಸ್ವಪ್ನವಾಗುತ್ತದೆ. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪು ಬಿಳುಪಿನಲ್ಲಿ. ನೋಡುಗನಿಗೆ ಬೇರೆ ಗುರುತು ಬೇಕಿಲ್ಲ. ನಮ್ಮ ಲಕ್ಷ್ಮಿ ಟಾಕೀಸು, ಮಲ್ಲಿಕಾರ್ಜುನಗಳಲ್ಲಿ ಸಿನಿಮಾ ಶುರುವಾದ ಮೇಲೆ ಒಳಗೆ ಹೋಗಿ, ಟಾರ್ಚಿನ ಬೆಳಕು ತೋರಿದ ಕಡೆ ಮೊಣಕಾಲು ತಾಗಿಸಿಕೊಂಡು ಸೀಟು ಹುಡುಕಿದವರಿಗೆ ಆ ಟಾರ್ಚಿನ ಹಿಂದಿನ ಮನುಷ್ಯನ ಮುಖ ಮೊದಲ ಸಲ ಕಂಡಿತು. ಕನ್ನಡದ ಅತ್ಯುತ್ತಮ ವಿಜ್ಞಾನ ಕಲ್ಪನೆಯ ಚಿತ್ರ ಒಂದು ಹಳೆಯ ಟಾಕೀಸಿನೊಳಗೆ ನಡೆಯುತ್ತದೆ ಎಂಬುದು ನನಗೆ ತುಂಬ ಇಷ್ಟದ ಸಂಗತಿ.

2024ರ 'ಬ್ಲಿಂಕ್' ಕೂಡ ಆ ಜಾತಿಯದು. ಶ್ರೀನಿಧಿ ಬೆಂಗಳೂರು ನಿರ್ದೇಶನ, ದೀಕ್ಷಿತ್ ಶೆಟ್ಟಿ ನಾಯಕ. ಕಾಲದೊಳಗಿನ ಓಡಾಟವನ್ನು ಕಣ್ಣು ಮಿಟುಕಿಸುವುದಕ್ಕೆ ಗಂಟು ಹಾಕಿದ್ದಾರೆ. ಎಂಥ ಅಗ್ಗದ, ಎಂಥ ಜಾಣ ಯಂತ್ರ! ಕೋಟಿ ಸುರಿದು ಕಾಲಯಂತ್ರ ಕಟ್ಟುವ ಬದಲು ರೆಪ್ಪೆ ಸಾಕಾಯಿತು. ಜತೆಗೆ ಈಡಿಪಸ್ ಕತೆಯ ನೆರಳು. ವಿಧಿಯನ್ನು ತಪ್ಪಿಸಲು ಓಡಿದವನು ಅದರ ಮಡಿಲಿಗೇ ಬೀಳುವ ಆ ಗ್ರೀಕ್ ನಾಟಕವನ್ನು ಕನ್ನಡಕ್ಕೆ ತಂದ ಲಂಕೇಶರು ಶಿವಮೊಗ್ಗ ಬಳಿಯ ಕೊನಗವಳ್ಳಿಯವರು, ಹಾಗಾಗಿ ನಮ್ಮ ಊರಿನವರು ಈ ಚಿತ್ರವನ್ನು ಸ್ವಲ್ಪ ಹೆಚ್ಚು ಹಕ್ಕಿನಿಂದ ನೋಡಬಹುದಿತ್ತು. ಟಾಕೀಸಿಗೆ ಬಂದಾಗ ಬಹಳ ಜನ ನೋಡಲಿಲ್ಲ, ಆಮೇಲೆ ಮೊಬೈಲಿನಲ್ಲಿ ನೋಡಿ ಮೆಚ್ಚಿದರು. ಎರಡನೇ ಸಲ ನೋಡಿದರೂ ಗಂಟು ಬಿಡಿಸಲು ಕಷ್ಟ ಎಂಬ ದೂರು ಇದೆ, ನನ್ನದೂ ಇದೆ. ಆದರೆ ಗಂಟು ಬಿಡಿಸಲು ಕೂರುವಂತೆ ಮಾಡಿತಲ್ಲ.

ನಮ್ಮ ಜಿಲ್ಲೆಯಲ್ಲಿ ಇಂಥ ಚಿತ್ರಕ್ಕೆ ವಸ್ತುವಿಲ್ಲವೆಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಶರಾವತಿಯಲ್ಲಿ ಒಂದು ಅಣೆಕಟ್ಟು ಇನ್ನೊಂದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. 1948ರಲ್ಲಿ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು, 1964ರಲ್ಲಿ ಲಿಂಗನಮಕ್ಕಿ ಬಂದು ಅದನ್ನು ನುಂಗಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ನೀರು ಇಳಿದರೆ ಹಳೆಯ ಅಣೆಕಟ್ಟು ಮೇಲೇಳುತ್ತದೆ, ಜನ ನೋಡಲು ಹೋಗುತ್ತಾರೆ. ನೀರು ಇಳಿದಷ್ಟು ದಿನ ಮಾತ್ರ ತೆರೆದಿರುವ ಬಾಗಿಲು, ಮುಂಗಾರು ಬಂದರೆ ಮುಚ್ಚುತ್ತದೆ: ಕರಾರನ್ನು ಮಲೆನಾಡಿನ ಮಳೆಯೇ ಬರೆದುಕೊಟ್ಟಿದೆ, ಚಿತ್ರಕತೆಗಾರ ಸಹಿ ಹಾಕಿದರೆ ಸಾಕು.

ಇದಕ್ಕಿಂತ ದೊಡ್ಡ ಕತೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನದು. 1957ರಲ್ಲಿ ಅಲ್ಲಿ ಮಂಗಗಳು ಸಾಯತೊಡಗಿದವು, ಕಾಡಿಗೆ ಹೋಗಿ ಬಂದವರಿಗೆ ಜ್ವರ ಹಿಡಿಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಮೊದಲು ಅನುಮಾನ ಬಂದದ್ದು ಏಷ್ಯಾದಲ್ಲೇ ಇಲ್ಲದ ಹಳದಿ ಜ್ವರದ ಮೇಲೆ. ಪರೀಕ್ಷೆ ಮಾಡಿದರೆ ಸಿಕ್ಕಿದ್ದು ಹೊಸ ವೈರಸ್, ಅದರ ನಂಟಸ್ತಿಕೆ ದೂರದ ರಷ್ಯಾದ ಉಣುಗಿನ ಜ್ವರದ ಜತೆ. ಸೈಬೀರಿಯಾಕ್ಕೂ ಸೊರಬಕ್ಕೂ ಎಲ್ಲಿಯ ಸಂಬಂಧ ಎಂದು ವಲಸೆ ಹಕ್ಕಿಗಳವರೆಗೂ ಗುಮಾನಿ ಹೋಯಿತು. ಇದರ ಕಟ್ಟಳೆಗಳನ್ನು ನೋಡಿ: ಉಣುಗು ಕಚ್ಚಬೇಕು, ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ, ಚಳಿಗಾಲದಲ್ಲಿ ಶುರುವಾಗಿ ಮಳೆ ಬರುವ ಹೊತ್ತಿಗೆ ಇಳಿಯುತ್ತದೆ, ಮಂಗ ಬಿದ್ದ ಜಾಗಕ್ಕೆ ಕಾಲಿಡಬಾರದು. ಹಾಲಿವುಡ್ಡಿನವರು ದುಡ್ಡು ಕೊಟ್ಟು ಬರೆಸುವಂಥ ಕತೆಯನ್ನು ನಾವು ಮಂಗನ ಕಾಯಿಲೆ ಎಂದು ಪ್ರತಿ ಬೇಸಿಗೆ ಜಿಲ್ಲಾ ಪುಟದಲ್ಲಿ ಓದಿ ಮಡಚಿಡುತ್ತೇವೆ. ಮಲಯಾಳದವರು ನಿಫಾ ಬಂದ ಮರುವರ್ಷವೇ, 2019ರಲ್ಲಿ, 'ವೈರಸ್' ಎಂಬ ಚಿತ್ರ ಮಾಡಿ ಮುಗಿಸಿದರು. ನಮಗೆ ಆರು ದಶಕ ಸಾಲಲಿಲ್ಲ.

ದುಡ್ಡಿಲ್ಲ ಎಂಬ ನೆವ ಇಲ್ಲಿ ನಡೆಯುವುದಿಲ್ಲ. ಒಂದು ಜೀಪು, ಒಂದು ಪ್ರಯೋಗಾಲಯದ ಸೆಟ್ಟು, ಸೊರಬದ ಕಾಡು ಇದ್ದರೆ ಆಯಿತು; ಖಳನಾಯಕ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡವನು, ಅವನಿಗೆ ಸಂಭಾವನೆಯೂ ಬೇಡ. ಹೀರೋ ಇಂಟ್ರೊಡಕ್ಷನ್ ಹಾಡು ಎಲ್ಲಿಡುವುದು ಎಂದು ನಿರ್ಮಾಪಕರು ಕೇಳುತ್ತಾರೆ, ಅದಕ್ಕೆ ನನ್ನ ಬಳಿ ಉತ್ತರವಿಲ್ಲ.